ಬಸಿರಿಗೆ ಮುಂಚಿನ ಆರು ತಿಂಗಳು

(ಕುಡತಿನಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ದತ್ತಿ ಉಪನ್ಯಾಸವೆಂದರೆ ವಚನ, ಶಾಸನ, ಏಕೀಕರಣ ಇಂಥ ವಿಷಯಗಳು ಬರುವುದು ರೂಢಿ. ಈ ದತ್ತಿ ಇಟ್ಟ ಮನೆಯವರು ಹೆಣ್ಣುಮಕ್ಕಳ ಆರೋಗ್ಯದ ಬಗ್ಗೆ ಮಾತಾಡಿ ಎಂದು ಕೇಳಿದರು. ಆರೋಗ್ಯ ಎಂದು ಹೊರಟರೆ ಮಾತಿಗೆ ಕೊನೆಯಿಲ್ಲ. ಹಾಗಾಗಿ ವೈದ್ಯೆಯಾಗಿ ನನ್ನನ್ನು ಬಹಳ ಕಾಡಿದ, ಆದರೆ ಇಂಥ ಸಭೆಗಳಲ್ಲಿ ಯಾರೂ ಎತ್ತದ ಒಂದೇ ಸಂಗತಿಯನ್ನು ಹಿಡಿದುಕೊಂಡು ಬಂದಿದ್ದೇನೆ. ಸಕ್ಕರೆ ಕಾಯಿಲೆ ಇರುವ, ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುವ ಹೆಣ್ಣುಮಗಳೊಬ್ಬಳು ತಾಯಿಯಾಗಲು ಬಯಸುತ್ತಾಳೆ. ಅವಳ ತೋಳಿಗೆ ಸಕ್ಕರೆ ಅಳೆಯುವ ಒಂದು ಸೆನ್ಸರ್ ಅಂಟಿಸುತ್ತೇವೆ, ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಡುತ್ತೇವೆ. ಆಮೇಲೆ ಅವಳ ಮೈಯಲ್ಲಿ, ಮನಸ್ಸಿನಲ್ಲಿ, ಮನೆಯಲ್ಲಿ ಏನು ನಡೆಯುತ್ತದೆ ಎನ್ನುವುದೇ ಇವತ್ತಿನ ವಿಷಯ.

ನಾನು ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಉಪಕರಣ ಬರಬೇಕಾದ್ದು ಬಸಿರು ನಿಂತ ಮೇಲಲ್ಲ, ಕನಿಷ್ಠ ಆರು ತಿಂಗಳು ಮೊದಲು. ಆ ಆರು ತಿಂಗಳನ್ನು ಅವಳಿಗೆ ಕೊಡುವುದು ಮನೆಯವರ ಕೆಲಸ, ಉಪಕರಣವನ್ನು ಕೊಡುವುದು ಸರ್ಕಾರದ ಕೆಲಸ.

ಆರು ತಿಂಗಳು ಯಾಕೆ ಎಂದು ಕೇಳುತ್ತೀರಿ. ಮಗುವಿನ ಮಿದುಳು, ಬೆನ್ನುಹುರಿ ಆಗುವ ನರನಾಳ ಗರ್ಭ ಕಟ್ಟಿದ ಸುಮಾರು 28 ದಿನಕ್ಕೆ ಮುಚ್ಚಿಕೊಳ್ಳುತ್ತದೆ. ಲೆಕ್ಕ ಹಾಕಿ ನೋಡಿ, ಅಷ್ಟರಲ್ಲಿ ತಾಯಿಗೆ ಮುಟ್ಟು ತಪ್ಪಿ ಎರಡು ವಾರ ಆಗಿರುತ್ತದೆ, ಅಷ್ಟೇ. ಹೃದಯದ ಕೋಣೆಗಳು ಎರಡು ತಿಂಗಳೊಳಗೆ ರೂಪುಗೊಳ್ಳುತ್ತವೆ. ನಮ್ಮ ಕಡೆ ಹೆಣ್ಣುಮಗಳು ನಾಚಿಕೆ ಬಿಟ್ಟು ಅತ್ತೆಗೆ ಹೇಳಿ, ಅತ್ತೆ ಆಶಾ ಕಾರ್ಯಕರ್ತೆಗೆ ಹೇಳಿ, ತಾಯಿ ಕಾರ್ಡ್ ಮಾಡಿಸುವ ಹೊತ್ತಿಗೆ ಮಗುವಿನ ಮುಖ್ಯ ಅಂಗಗಳು ಹುಟ್ಟಿ ಆಗಿರುತ್ತವೆ. ಆ ಮೊದಲ ವಾರಗಳಲ್ಲಿ ತಾಯಿಯ ರಕ್ತದಲ್ಲಿ ಸಕ್ಕರೆ ವಿಪರೀತ ಇದ್ದರೆ ಅಂಗಗಳು ಸರಿಯಾಗಿ ಕೂಡಿಕೊಳ್ಳದೆ ಹೋಗುವ, ಗರ್ಭ ಇಳಿದುಹೋಗುವ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ಆಮೇಲೆ ಎಷ್ಟೇ ಒಳ್ಳೆಯ ಚಿಕಿತ್ಸೆ ಕೊಟ್ಟರೂ ಆ ವಾರಗಳು ಮರಳಿ ಬರುವುದಿಲ್ಲ.

ಇದು ಬರಿಯ ಊಹೆಯಲ್ಲ. ಆಗಿನ ಪೂರ್ವ ಜರ್ಮನಿಯ ಕಾರ್ಲ್ಸ್‌ಬುರ್ಗ್ ಎಂಬ ಸಣ್ಣ ಊರಿನ ಮಧುಮೇಹ ಕೇಂದ್ರದಲ್ಲಿ ಫೂರ್ಮಾನ್ ಮತ್ತು ಅವರ ಜೊತೆಗಾರರು ಇನ್ಸುಲಿನ್ ಬೇಕಾದ ತಾಯಂದಿರ 420 ಬಸಿರುಗಳನ್ನು ಗಮನಿಸಿ 1983ರಲ್ಲಿ ಲೆಕ್ಕ ಮುಂದಿಟ್ಟರು. ಎಂಟನೇ ವಾರ ಕಳೆದ ಮೇಲೆ ಆಸ್ಪತ್ರೆಗೆ ಬಂದವರು 292. ಅವರ ಮಕ್ಕಳಲ್ಲಿ 22 ಮಕ್ಕಳಿಗೆ ಹುಟ್ಟು ದೋಷವಿತ್ತು, ಅಂದರೆ ಶೇ 7.5. ಗರ್ಭ ಕಟ್ಟುವ ಮೊದಲೇ ಬಂದು ಸಕ್ಕರೆಯನ್ನು ಬಿಗಿಯಾಗಿ ಹಿಡಿದವರು 128. ಅವರಲ್ಲಿ ದೋಷವಿದ್ದದ್ದು ಒಂದೇ ಮಗುವಿಗೆ, ಶೇ 0.8. ಆಗ ಸೆನ್ಸರ್ ಇರಲಿಲ್ಲ, ಆ್ಯಪ್ ಇರಲಿಲ್ಲ. ಆ ತಾಯಂದಿರು ಮೊದಲೇ ಬಂದಿದ್ದರು, ಅವರಿಗೆ ಕಲಿಸುವ ಜನ ಇದ್ದರು. ನನ್ನ ಇವತ್ತಿನ ಮಾತಿಗೆಲ್ಲ ಈ ಎರಡು ಅಂಕಿಗಳೇ ಆಧಾರ.

ಇನ್ಸುಲಿನ್ ಬರುವ ಮೊದಲಿನ ಕಾಲವನ್ನು ನೆನೆದರೆ ಎದೆ ನಡುಗುತ್ತದೆ. ಟೊರಾಂಟೊದಲ್ಲಿ 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಟ್ಟರು. ಅದಕ್ಕೂ ಮುಂಚೆ ಈ ಕಾಯಿಲೆ ಬಂದ ಎಳೆಯ ಹೆಣ್ಣುಮಕ್ಕಳು ತಾಯಿಯಾಗುವ ವಯಸ್ಸಿಗೆ ಬರುವುದೇ ಅಪರೂಪವಾಗಿತ್ತು. ಬಾಸ್ಟನ್ನಿನ ಜಾಸ್ಲಿನ್ ಕ್ಲಿನಿಕ್ಕಿಗೆ 1924ರಲ್ಲಿ ಸೇರಿದ ಪ್ರಿಸಿಲ್ಲಾ ವೈಟ್ ಎಂಬ ವೈದ್ಯೆ ಅರ್ಧ ಶತಮಾನ ಸಕ್ಕರೆ ಕಾಯಿಲೆಯ ಗರ್ಭಿಣಿಯರ ಆರೈಕೆ ಮಾಡಿದರು. ಅವರು ಶುರು ಮಾಡಿದಾಗ ಇಂಥ ತಾಯಂದಿರ ಮಕ್ಕಳಲ್ಲಿ ಉಳಿಯುತ್ತಿದ್ದದ್ದು ಅರ್ಧಕ್ಕಿಂತ ತುಸು ಹೆಚ್ಚು. 1974ರಲ್ಲಿ ಅವರು ನಿವೃತ್ತರಾಗುವ ಹೊತ್ತಿಗೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಉಳಿಯುತ್ತಿದ್ದರು. ನಮ್ಮ ಊರುಗಳಲ್ಲಿ ಇವತ್ತಿಗೂ "ಶುಗರ್ ಇದ್ದೋಳಿಗೆ ಮಕ್ಕಳಾಗಲ್ಲ" ಎಂದು ಸಂಬಂಧ ಮುರಿಯುವವರಿದ್ದಾರೆ. ಅವರಿಗೆ ನಾನು ಕೈಮುಗಿದು ಹೇಳುತ್ತೇನೆ: ಆಗುತ್ತವೆ, ಆರೋಗ್ಯವಾದ ಮಕ್ಕಳಾಗುತ್ತವೆ. ಮೊದಲೇ ತಯಾರಿ ಬೇಕು, ಅಷ್ಟೇ.

ತಾಯಿಯ ಸಕ್ಕರೆ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ, ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಹೊಟ್ಟೆಯೊಳಗಿನ ಮಗು ತನ್ನದೇ ಇನ್ಸುಲಿನ್ ಸುರಿಸಿ ಆ ಸಕ್ಕರೆಯನ್ನು ಕೊಬ್ಬಾಗಿ ಮೈಗೆ ಹಚ್ಚಿಕೊಳ್ಳುತ್ತದೆ. ಡೆನ್ಮಾರ್ಕಿನ ಯೋರ್ಗನ್ ಪೆಡರ್ಸನ್ 1950ರ ದಶಕದಲ್ಲೇ ಇದನ್ನು ವಿವರಿಸಿದ್ದರು. ಮಗು ದಪ್ಪಗೆ ಹುಟ್ಟಿತೆಂದು ಮನೆಯವರು ಪೇಡೆ ಹಂಚುತ್ತಾರೆ. ಆದರೆ ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೂ ಮಗುವಿನ ಇನ್ಸುಲಿನ್ ಸುರಿಯುತ್ತಲೇ ಇರುವುದರಿಂದ ಅದರ ಸಕ್ಕರೆ ದಡಕ್ಕನೆ ಇಳಿಯುತ್ತದೆ. ಎನ್‌ಐಸಿಯು ಎಂಬ ಎಳೆಗೂಸುಗಳ ತೀವ್ರ ನಿಗಾ ಘಟಕದ ಗಾಜಿನ ಪೆಟ್ಟಿಗೆ ಸೇರುವ ಮಕ್ಕಳಲ್ಲಿ ಇಂಥವೂ ಇರುತ್ತವೆ.

ಈ ವಿಷಯದಲ್ಲಿ ಕರ್ನಾಟಕ ಹೆಮ್ಮೆಪಡಬೇಕಾದ ಕೆಲಸವೊಂದಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯನ್ನು ಮೈಸೂರಿನವರು ಮಿಷನ್ ಆಸ್ಪತ್ರೆ ಎನ್ನುತ್ತಾರೆ. ಅಲ್ಲಿ 1997–98ರಲ್ಲಿ 830 ಗರ್ಭಿಣಿಯರನ್ನು ಸೇರಿಸಿಕೊಂಡು ಪಾರ್ಥೆನಾನ್ ಎಂಬ ಅಧ್ಯಯನ ಶುರುವಾಯಿತು. ಬಸಿರಿನಲ್ಲಿ ಸಕ್ಕರೆ ಕಾಣಿಸಿಕೊಂಡಿದ್ದು ನೂರರಲ್ಲಿ ಸುಮಾರು ಆರು ಜನಕ್ಕೆ. ಡಾ. ಜಿ.ವಿ. ಕೃಷ್ಣವೇಣಿ, ಡಾ. ಕ್ಯಾರೊಲಿನ್ ಫಾಲ್ ಮತ್ತವರ ತಂಡದವರು ಹುಟ್ಟಿದ ಮಕ್ಕಳನ್ನು ಕೈಬಿಡದೆ ವರ್ಷವರ್ಷ ಹಿಂಬಾಲಿಸಿದರು. ಸಕ್ಕರೆ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೇ ವಯಸ್ಸಿಗೇ ಮೈಕೊಬ್ಬು ಹೆಚ್ಚಿತ್ತು, ಇನ್ಸುಲಿನ್ ಮಟ್ಟವೂ ಏರಿತ್ತು. ಒಂಬತ್ತೂವರೆ ವರ್ಷಕ್ಕೂ ಅದೇ ಚಿತ್ರ. ತಾಯಿಯ ಒಂಬತ್ತು ತಿಂಗಳ ಸಕ್ಕರೆ ಮಗುವಿನ ಮೈಯಲ್ಲಿ ವರ್ಷಗಟ್ಟಲೆ ಉಳಿದಿರುತ್ತದೆ ಎಂಬುದಕ್ಕೆ ಸಾಕ್ಷಿ ಹುಡುಕಿಕೊಂಡು ಅಮೆರಿಕಕ್ಕೆ ಹೋಗಬೇಕಿಲ್ಲ. ಕನ್ನಡದ ತಾಯಂದಿರೇ ತಮ್ಮ ಮಕ್ಕಳನ್ನು ಕರೆದುಕೊಂಡು ಬಂದು ಆ ಸಾಕ್ಷಿ ಕೊಟ್ಟಿದ್ದಾರೆ.

ಇನ್ನು ಉಪಕರಣದ ಮಾತು. ಹಳೆಯದು ನಿಮಗೆ ಗೊತ್ತು: ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಪಟ್ಟಿಗೆ ತಾಗಿಸಿ ನೋಡುವ ಗ್ಲುಕೋಮೀಟರ್. ಹೊಸದು ಐದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಿರುವ ಬಿಲ್ಲೆ. ತೋಳಿನ ಹಿಂಭಾಗಕ್ಕೆ ಅಂಟಿಸುತ್ತೇವೆ, ಕೂದಲೆಳೆಯಂಥ ತಂತು ಚರ್ಮದ ಕೆಳಗೆ ಹೋಗಿ ಕೂರುತ್ತದೆ. ನಮ್ಮಲ್ಲಿ ಹೆಚ್ಚು ಸಿಗುವ ಫ್ರೀಸ್ಟೈಲ್ ಲಿಬ್ರೆಯಾದರೆ 14 ದಿನ ಇರುತ್ತದೆ. ಹಗಲು ರಾತ್ರಿ ಸಕ್ಕರೆಯ ಏರಿಳಿತ ಗೆರೆಯಾಗಿ ಫೋನಿನಲ್ಲಿ ಕಾಣುತ್ತದೆ. ಅಂಕಿಯ ಪಕ್ಕದಲ್ಲಿ ಬಾಣ ಇರುತ್ತದೆ, ಏರುತ್ತಿದೆಯೋ ಇಳಿಯುತ್ತಿದೆಯೋ ಹೇಳುವುದಕ್ಕೆ.

ಒಂದು ಮಾತು ಸ್ಪಷ್ಟವಿರಲಿ. ಸೆನ್ಸರ್ ರಕ್ತವನ್ನು ಅಳೆಯುವುದಿಲ್ಲ, ಚರ್ಮದ ಕೆಳಗಿನ ಜೀವಕೋಶಗಳ ನಡುವಿನ ದ್ರವವನ್ನು ಅಳೆಯುತ್ತದೆ. ತುಂಗಭದ್ರಾ ಜಲಾಶಯದಲ್ಲಿ ನೀರು ಬಿಟ್ಟ ಕೂಡಲೇ ಸಿರುಗುಪ್ಪದ ಕೊನೆಯ ಗದ್ದೆಗೆ ಬರುವುದಿಲ್ಲವಲ್ಲ, ಹಾಗೆ ರಕ್ತದ ಸಕ್ಕರೆ ಆ ದ್ರವಕ್ಕೆ ಮುಟ್ಟಲು ಐದು ಹತ್ತು ನಿಮಿಷ ಹಿಡಿಯುತ್ತದೆ. ಸಕ್ಕರೆ ವೇಗವಾಗಿ ಏರಿಳಿಯುವಾಗ ಸೆನ್ಸರ್ ಹಿಂದೆ ಬಿದ್ದಿರುತ್ತದೆ. ಆದ್ದರಿಂದ ಕೈನಡುಕ, ಬೆವರು, ಕಣ್ಣು ಮಂಜು ಇದ್ದು ಫೋನು ಎಲ್ಲ ಸರಿ ಎಂದರೆ ಮೈಯ ಮಾತನ್ನೇ ನಂಬಿ, ಬೆರಳು ಚುಚ್ಚಿ ನೋಡಿ. ಗ್ಲುಕೋಮೀಟರನ್ನು ಅಟ್ಟಕ್ಕೆ ಹಾಕಬೇಡಿ.

ಈ ಉಪಕರಣದಿಂದ ತಾಯಿ ಮಗುವಿಗೆ ಉಪಯೋಗ ಇದೆಯೇ? ಕೆನಡಾದ ಡೆನಿಸ್ ಫೈಗ್, ಇಂಗ್ಲೆಂಡಿನ ಹೆಲೆನ್ ಮರ್ಫಿ ಮುಂದೆ ನಿಂತು ನಡೆಸಿದ ಕಾನ್ಸೆಪ್ಟ್ ಎಂಬ ಪ್ರಯೋಗದ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಏಳು ದೇಶಗಳ 31 ಆಸ್ಪತ್ರೆಗಳು, ಇನ್ಸುಲಿನ್ ಚುಚ್ಚಿಕೊಳ್ಳಲೇಬೇಕಾದ ಟೈಪ್ 1 ಮಧುಮೇಹದ 325 ಹೆಣ್ಣುಮಕ್ಕಳು. ಅವರಲ್ಲಿ 215 ಮಂದಿ ಗರ್ಭಿಣಿಯರು, 110 ಮಂದಿ ಬಸಿರಿಗೆ ತಯಾರಾಗುತ್ತಿದ್ದವರು. ಗರ್ಭಿಣಿಯರಲ್ಲಿ ಫಲ ಚೆನ್ನಾಗಿ ಕಂಡಿತು. ಆರು ತಾಯಂದಿರು ಸೆನ್ಸರ್ ಹಾಕಿಕೊಂಡರೆ ಒಂದು ಮಗು ಅತಿ ದಪ್ಪವಾಗುವುದು ತಪ್ಪಿತು, ಆರು ತಾಯಂದಿರಿಗೆ ಒಂದರಂತೆ ಮಗು ಎನ್‌ಐಸಿಯು ಸೇರುವುದೂ ತಪ್ಪಿತು. ಬಸಿರಿಗೆ ತಯಾರಾಗುತ್ತಿದ್ದ 110 ಜನರಲ್ಲಿ ಮಾತ್ರ ಸೆನ್ಸರ್ ಇದ್ದವರಿಗೂ ಇಲ್ಲದವರಿಗೂ ಗಣನೀಯ ವ್ಯತ್ಯಾಸ ಸಿಗಲಿಲ್ಲ.

ಈ ಎರಡನೇ ಭಾಗವನ್ನು ಕಂಪನಿಯ ಪ್ರತಿನಿಧಿಗಳು ನಿಮಗೆ ಹೇಳುವುದಿಲ್ಲ. ನಾನು ಹೇಳಲೇಬೇಕು. ಹಾಗಾದರೆ ಆರು ತಿಂಗಳು ಮೊದಲೇ ಹಾಕಿಸಿ ಎಂದು ಯಾಕೆ ಹಟ ಹಿಡಿಯುತ್ತೀರಿ ಎಂದು ನೀವು ಕೇಳಬಹುದು, ಕೇಳಬೇಕು. ನನ್ನ ಉತ್ತರ ಇದು. ಬಿಲ್ಲೆ ಅಂಟಿಸಿದ ಮಾತ್ರಕ್ಕೆ ಸಕ್ಕರೆ ಇಳಿಯುವುದಿಲ್ಲ. ಗೆರೆಯನ್ನು ಓದಲು, ಓದಿದ್ದಕ್ಕೆ ತಕ್ಕಂತೆ ಊಟ, ಇನ್ಸುಲಿನ್, ದುಡಿಮೆ ಹೊಂದಿಸಲು ಅವಳು ಕಲಿಯಬೇಕು, ಕಲಿಸುವವರೂ ಬೇಕು. ಬಸಿರಾದ ಮೇಲೆ ಕಲಿಯಲು ಕೂತರೆ ವಾಕರಿಕೆ, ಭಯ, ಮನೆಯವರ ಕಣ್ಣು ಎಲ್ಲವೂ ಒಟ್ಟಿಗೆ ಮೈಮೇಲೆ ಬೀಳುತ್ತವೆ. ಮೊದಲೇ ಕಲಿತಿದ್ದರೆ ಆ ಒಂಬತ್ತು ತಿಂಗಳಲ್ಲಿ ಸೆನ್ಸರ್ ತನ್ನ ಪೂರ್ತಿ ಫಲ ಕೊಡುತ್ತದೆ.

ಕಲಿಕೆ ಹೇಗಿರುತ್ತದೆ ಎಂದು ತೋರಿಸಲು ಒಬ್ಬ ಹೆಣ್ಣುಮಗಳನ್ನು ಕಲ್ಪಿಸಿಕೊಳ್ಳೋಣ. ಇಪ್ಪತ್ತಾರು ವಯಸ್ಸು, ತವರು ಕುರುಗೋಡಿನ ಹತ್ತಿರ, ಗಂಡನ ಮನೆ ಇಲ್ಲೇ ಕುಡತಿನಿ. ಹನ್ನೆರಡನೇ ವಯಸ್ಸಿನಿಂದ ಇನ್ಸುಲಿನ್. ಗಂಡನಿಗೆ ತೋರಣಗಲ್ಲಿನಲ್ಲಿ ಪಾಳಿ ಕೆಲಸ. ಸೆನ್ಸರ್ ಹಾಕಿದ ಮರುದಿನ ಬೆಳಿಗ್ಗೆ ಅವಳು ಮಂಡಕ್ಕಿಯ ಒಗ್ಗಾಣಿ, ಮಿರ್ಚಿ ತಿನ್ನುತ್ತಾಳೆ. ಮುಕ್ಕಾಲು ಗಂಟೆಯಲ್ಲಿ ಗೆರೆ 250 ದಾಟುತ್ತದೆ. ಇಷ್ಟು ವರ್ಷ ತಿಂಡಿಗೆ ಮುಂಚೆ ಮಾತ್ರ ಬೆರಳು ಚುಚ್ಚುತ್ತಿದ್ದವಳಿಗೆ ಈ ಏರು ಕಂಡೇ ಇರಲಿಲ್ಲ. ಮಂಡಕ್ಕಿ ಹಗುರ, ಆದ್ದರಿಂದ ಶುಗರಿಗೆ ಒಳ್ಳೆಯದು ಎಂದು ಬಳ್ಳಾರಿ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ನಂಬಿದ್ದಾರೆ. ಅಕ್ಕಿಯನ್ನು ಉಬ್ಬಿಸಿದ ಮಂಡಕ್ಕಿ ಬೇಗ ಜೀರ್ಣವಾಗಿ ಸಕ್ಕರೆಯನ್ನು ಬೇಗ ಏರಿಸುತ್ತದೆ. ಅದೇ ಹೆಣ್ಣುಮಗಳು ಇನ್ನೊಂದು ದಿನ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಉಂಡು ಗೆರೆ ನೋಡಲಿ, ಏರು ತಗ್ಗಿರುವುದನ್ನು ಅವಳೇ ಕಾಣುತ್ತಾಳೆ. ಸಿರುಗುಪ್ಪದ ಸೋನಾ ಮಸೂರಿ ಬಿಡಿ ಎಂದು ನಾನು ಹೇಳುವುದಿಲ್ಲ, ಭತ್ತ ಬೆಳೆಯುವ ನಾಡಿನಲ್ಲಿ ಅದು ನಡೆಯುವ ಮಾತಲ್ಲ. ಎಷ್ಟು ಅನ್ನ, ಜೊತೆಗೆ ಎಷ್ಟು ಬೇಳೆ, ಪಲ್ಯ, ಊಟಕ್ಕೆ ಎಷ್ಟು ಹೊತ್ತು ಮುಂಚೆ ಇನ್ಸುಲಿನ್ ಎಂಬುದನ್ನು ಅವಳ ಗೆರೆಯೇ ಅವಳಿಗೆ ಹೇಳಲಿ.

ಆ 250 ಕಂಡ ಕೂಡಲೇ ಅವಳು ಗಾಬರಿಯಾಗಿ ಇನ್ನೊಂದು ಚುಚ್ಚುಮದ್ದು ತೆಗೆದುಕೊಳ್ಳುತ್ತಾಳೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಇನ್ನೂ ಇಳಿದಿಲ್ಲ, ಮತ್ತೊಂದು. ಬೇಗ ಕೆಲಸ ಮಾಡುವ ಇನ್ಸುಲಿನ್ನಿನ ಪ್ರಭಾವ ಮೂರು ನಾಲ್ಕು ಗಂಟೆ ಇರುತ್ತದೆ. ಮೂರೂ ಒಟ್ಟಿಗೆ ಕೆಲಸ ಮಾಡಿ ಮಧ್ಯಾಹ್ನ ಸಕ್ಕರೆ 45ಕ್ಕೆ ಕುಸಿಯುತ್ತದೆ. ಹೊಸದಾಗಿ ಸೆನ್ಸರ್ ಹಾಕಿಕೊಂಡವರು ಅತಿ ಹೆಚ್ಚು ಮಾಡುವ ತಪ್ಪು ಇದು. ಆದ್ದರಿಂದ ಮೊದಲ ಎರಡು ವಾರ ಗೆರೆಯನ್ನು ನೋಡಿ, ಬರೆದಿಡಿ, ಡೋಸು ಬದಲಿಸಬೇಡಿ, ಸಕ್ಕರೆ ತೀರ ಇಳಿದು ಲೋ ಆದರೆ ಮಾತ್ರ ತಡಮಾಡಬೇಡಿ ಎಂದು ನಾನು ಹೇಳುತ್ತೇನೆ. ಲೋ ಆದಾಗ ಮೂರು ಚಮಚ ಗ್ಲುಕೋಸ್ ಪುಡಿ ನೀರಿಗೆ ಹಾಕಿ ಕುಡಿಯಬೇಕು, ಹದಿನೈದು ನಿಮಿಷ ಬಿಟ್ಟು ಬೆರಳು ಚುಚ್ಚಿ ನೋಡಬೇಕು. ಅವಳ ಚೀಲದಲ್ಲಿ, ಗದ್ದೆಗೆ ಹೋದರೆ ಸೆರಗಿನ ಗಂಟಿನಲ್ಲಿ ಆ ಪುಡಿ ಇರಲೇಬೇಕು. ಬಿಸಿಲಲ್ಲಿ ಬಗ್ಗಿ ನಾಟಿ ಮಾಡುವವರಿಗೆ ಸಕ್ಕರೆ ಇಳಿಯುವುದು ಬೇಗ.

ರಾತ್ರಿಯ ಕಥೆ ಬೇರೆ. ಸೆನ್ಸರ್ ಇರುವ ತೋಳಿನ ಮೇಲೆಯೇ ಮಗ್ಗುಲಾದರೆ ಅಲ್ಲಿ ಒತ್ತಡ ಬಿದ್ದು ಸಕ್ಕರೆ ಇಳಿದಂತೆ ಸುಳ್ಳು ಅಂಕಿ ತೋರಿಸುತ್ತದೆ, ಫೋನು ಕೂಗುತ್ತದೆ. ಎರಡು ರಾತ್ರಿ ಹಾಗಾದರೆ ಅತ್ತೆ "ಆ ಮಿಷನ್ ಕಿತ್ತು ಬಿಸಾಕು" ಎನ್ನುತ್ತಾರೆ. ನಿದ್ದೆಗೆಟ್ಟವರ ಸಿಟ್ಟು ಅದು, ಕೆಟ್ಟ ಮನಸ್ಸಲ್ಲ. ಬಿಲ್ಲೆಯನ್ನು ಮಲಗುವ ಮಗ್ಗುಲು ನೋಡಿ ಅಂಟಿಸಬೇಕು, ಅಲಾರಾಂ ಎಷ್ಟಕ್ಕೆ ಕೂಗಬೇಕು ಎಂಬುದನ್ನು ವೈದ್ಯರ ಜೊತೆ ಕೂತು ಹೊಂದಿಸಬೇಕು. ಗಂಡ ರಾತ್ರಿ ಪಾಳಿಗೆ ಹೋದಾಗ ಅಲಾರಾಂ ಕೇಳಿ ಏಳುವವರು ಯಾರು ಎಂಬುದು ಮನೆಯಲ್ಲಿ ಮೊದಲೇ ತೀರ್ಮಾನವಾಗಿರಬೇಕು. ಅತ್ತೆ ಏಳುತ್ತಾರೆಂದರೆ ಗ್ಲುಕೋಸ್ ಡಬ್ಬಿ ಎಲ್ಲಿದೆ ಎಂಬುದು ಅತ್ತೆಗೆ ಗೊತ್ತಿರಬೇಕು.

ನಮ್ಮ ಬಿಸಿಲಿನ ಬಗ್ಗೆ ಎರಡು ಮಾತು. ಏಪ್ರಿಲ್, ಮೇನಲ್ಲಿ ಬಳ್ಳಾರಿ ಸೀಮೆ 40 ಡಿಗ್ರಿ ದಾಟುತ್ತದೆ. ಬೆವರಿಗೆ ಬಿಲ್ಲೆಯ ಅಂಟು ಬಿಡುತ್ತದೆ. ಚರ್ಮವನ್ನು ಸ್ಪಿರಿಟ್ಟಿನಿಂದ ಒರೆಸಿ ಪೂರ್ತಿ ಒಣಗಿಸಿ ಅಂಟಿಸಬೇಕು, ಮೇಲೊಂದು ಮೆಡಿಕಲ್ ಪ್ಲಾಸ್ಟರ್ ಹಾಕಬಹುದು. ಎಣ್ಣೆ ಹಚ್ಚಿಕೊಂಡ ಮೈಗೆ ಅದು ಕೂರುವುದಿಲ್ಲ. ಇನ್ಸುಲಿನ್ನನ್ನು ತೆರೆಯುವ ಮುಂಚೆ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಫ್ರಿಜ್ ಇಲ್ಲದ ಮನೆಯಲ್ಲಿ, ಕರೆಂಟ್ ಹೋದ ದಿನಗಳಲ್ಲಿ, ಬಳಕೆಯಲ್ಲಿರುವ ಸೀಸೆಯನ್ನು ಮಣ್ಣಿನ ಗಡಿಗೆಯೊಳಗೆ ಗಡಿಗೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ನೆರಳಲ್ಲಿ ಇಡಬಹುದು. ಕಾದ ಇನ್ಸುಲಿನ್ ಶಕ್ತಿ ಕಳೆದುಕೊಳ್ಳುತ್ತದೆ. ಎಷ್ಟು ಚುಚ್ಚಿದರೂ ಗೆರೆ ಇಳಿಯದಿದ್ದಾಗ ಅವಳು ಕದ್ದು ಸಿಹಿ ತಿಂದಳೆಂದು ಅನುಮಾನಿಸುವ ಮುಂಚೆ ಸೀಸೆಯನ್ನು ಅನುಮಾನಿಸಿ. ಜೀವಸತ್ವ ಸಿ ಮಾತ್ರೆಯನ್ನು ದೊಡ್ಡ ಪ್ರಮಾಣದಲ್ಲಿ ನುಂಗಿದರೆ ಲಿಬ್ರೆ ಸೆನ್ಸರ್ ಇರುವುದಕ್ಕಿಂತ ಹೆಚ್ಚು ಅಂಕಿ ತೋರಿಸುತ್ತದೆ, ಅದೂ ಗಮನದಲ್ಲಿರಲಿ.

ಎಷ್ಟು ಅಂಕಿ ಬಂದರೆ ಸರಿ? ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯ ಅಂಕಿ, ಮೇಲಿಂದ ಮೇಲೆ ಲೋ ಆಗದಂತೆ ನೋಡಿಕೊಂಡು, ಶೇ 6.5ರ ಕೆಳಗೆ ಬಂದ ಮೇಲೆ ಬಸಿರಾಗುವುದು ಒಳ್ಳೆಯದು. ಶೇ 10ರ ಮೇಲಿದ್ದರೆ ಸದ್ಯಕ್ಕೆ ಬೇಡ ಎಂದೇ ಹೇಳುತ್ತೇವೆ. ಆದರೆ ನಮ್ಮ ರಾಜ್ಯದಲ್ಲಿ ಈ ಪರೀಕ್ಷೆಗೆ ಒಂದು ತೊಡಕಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ. ಕಬ್ಬಿಣಾಂಶ ಕಡಿಮೆಯಾದ ರಕ್ತದಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ಕಾಣಬಹುದು, ಕೆಂಪು ಕಣಗಳು ಬೇಗ ಒಡೆಯುವ ಕಾಯಿಲೆಗಳಲ್ಲಿ ಕಡಿಮೆ ಕಾಣಬಹುದು. ಆ ಒಂದೇ ಅಂಕಿಯನ್ನು ನಂಬಿ ಕೂತರೆ ಮೋಸವಾಗುತ್ತದೆ. ಸೆನ್ಸರಿನ ಗೆರೆಗೆ ರಕ್ತಹೀನತೆಯ ಹಂಗಿಲ್ಲ. ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಇದರ ಬೆಲೆ ದೊಡ್ಡ ಊರಿನವರಿಗಿಂತ ಹೆಚ್ಚು ಎಂದು ನಾನು ಹೇಳುವುದು ಇದಕ್ಕೇ.

ಬಸಿರಿನಲ್ಲಿ ಗುರಿ ಇನ್ನೂ ಬಿಗಿ. ದಿನದ ಶೇ 70ಕ್ಕಿಂತ ಹೆಚ್ಚು ಹೊತ್ತು, ಅಂದರೆ ಹತ್ತಿರ ಹತ್ತಿರ 17 ಗಂಟೆ, ಸಕ್ಕರೆ 63ರಿಂದ 140ರ ನಡುವೆ ಇರಬೇಕು. ಬಸಿರಿಲ್ಲದವರಿಗೆ ಅದು 70ರಿಂದ 180. ಆ್ಯಪಿನ ಹಸಿರು ಪಟ್ಟಿಯನ್ನು ಬದಲಿಸದೆ ಹಾಗೇ ಬಿಟ್ಟರೆ 175 ಕೂಡ ಹಸಿರಾಗಿ ಕಂಡು ತಾಯಿ ನೆಮ್ಮದಿಯಿಂದ ಇರುತ್ತಾಳೆ. ವೈದ್ಯರ ಹತ್ತಿರ ಕೂತು ಅದನ್ನು ಬದಲಿಸಿಕೊಳ್ಳಿ.

ಆರು ತಿಂಗಳಿಗೆ ಇನ್ನೂ ಒಂದು ಕಾರಣವಿದೆ, ಕಣ್ಣು. ವರ್ಷಗಟ್ಟಲೆ ಏರಿದ್ದ ಸಕ್ಕರೆಯನ್ನು ಸರ್ರನೆ ಇಳಿಸಿದರೆ ಅಕ್ಷಿಪಟಲದ ತೊಂದರೆ ಕೆಲವರಲ್ಲಿ ಕೆಲಕಾಲ ಉಲ್ಬಣಿಸುತ್ತದೆ, ಬಸಿರೂ ಅದಕ್ಕೆ ಇಂಬು ಕೊಡುತ್ತದೆ. ನಿಧಾನಕ್ಕೆ ಇಳಿಸಲು ಸಮಯ ಬೇಕು, ಲೇಸರ್ ಬೇಕಿದ್ದರೆ ಮೊದಲೇ ಮಾಡಿಸಬೇಕು. ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆ, ಥೈರಾಯಿಡ್, ಬಿಪಿ ನೋಡಿಸಿ. ಕೊಲೆಸ್ಟರಾಲಿಗೆ ಕೊಡುವ ಸ್ಟ್ಯಾಟಿನ್, ಬಿಪಿಗೆ ಕೊಡುವ ಎನಾಲಪ್ರಿಲ್, ರಾಮಿಪ್ರಿಲ್, ಟೆಲ್ಮಿಸಾರ್ಟನ್ ಜಾತಿಯ ಮಾತ್ರೆಗಳನ್ನು ವೈದ್ಯರು ಬದಲಿಸಿ ಕೊಡಬೇಕು. ನೀವಾಗಿಯೇ ನಿಲ್ಲಿಸಬೇಡಿ. ಫೋಲಿಕ್ ಆಮ್ಲದ ಮಾತ್ರೆ ಬಸಿರಿಗೆ ಮೂರು ತಿಂಗಳು ಮುಂಚೆಯೇ ಶುರುವಾಗಲಿ. ಮಧುಮೇಹ ಇರುವವರಿಗೆ 5 ಮಿಲಿಗ್ರಾಂ ಎಂದು ಬ್ರಿಟನ್ನಿನ ಮಾರ್ಗಸೂಚಿ ಹೇಳುತ್ತದೆ.

ಇನ್ಸುಲಿನ್ ಪಂಪಿನ ಬಗ್ಗೆ ಅಲ್ಲಲ್ಲಿ ಕೇಳಿರುತ್ತೀರಿ. ಸೆನ್ಸರಿನ ಅಂಕಿ ನೋಡಿ ತಾನೇ ಇನ್ಸುಲಿನ್ ಬಿಡುವ ಪಂಪುಗಳಿವೆ, ಬೆಲೆ ಹಲವು ಲಕ್ಷ. ಬ್ರಿಟನ್ನಿನ 124 ಗರ್ಭಿಣಿಯರ ಮೇಲೆ ನಡೆದ ಏಡ್ಯಾಪ್ಟ್ ಪ್ರಯೋಗದ ವರದಿ 2023ರಲ್ಲಿ ಬಂತು. ಬಸಿರಿಗೆಂದೇ ಹೊಂದಿಸಬಹುದಾದ ಪಂಪು ಇದ್ದವರು ದಿನದ ಶೇ 68ರಷ್ಟು ಹೊತ್ತು ಗುರಿಯಲ್ಲಿದ್ದರು, ಇಲ್ಲದವರು ಶೇ 56. ಎಲ್ಲ ಪಂಪುಗಳೂ ಒಂದೇ ಅಲ್ಲ. ಮೆಡ್‌ಟ್ರಾನಿಕ್ 780ಜಿ ಎಂಬುದರಲ್ಲಿ ಇಡಬಹುದಾದ ಕನಿಷ್ಠ ಗುರಿಯೇ 100, ಬಸಿರಿನಲ್ಲಿ ಬೆಳಗಿನ ಖಾಲಿಹೊಟ್ಟೆಯ ಸಕ್ಕರೆ 95ರ ಕೆಳಗಿರಬೇಕು. ಪಂಪಿನ ಕೊಳವೆ ಕಟ್ಟಿಕೊಂಡರೆ ಕೆಲವೇ ಗಂಟೆಗಳಲ್ಲಿ ರಕ್ತ ಆಮ್ಲೀಯವಾಗಿ ತಾಯಿ ಮಗು ಇಬ್ಬರಿಗೂ ಕುತ್ತು ಬರುತ್ತದೆ. ಹತ್ತಿರದಲ್ಲಿ ಪಂಪು ಬಲ್ಲ ವೈದ್ಯರಿಲ್ಲದ ಊರಿನಲ್ಲಿ ಸಾಲ ಮಾಡಿ ಪಂಪು ಕೊಳ್ಳಬೇಡಿ. ಸೆನ್ಸರ್ ಮತ್ತು ದಿನಕ್ಕೆ ನಾಲ್ಕು ಚುಚ್ಚುಮದ್ದಿನಿಂದ ಒಳ್ಳೆಯ ಬಸಿರು ಸಾಧ್ಯ.

ನಾವು ಕಲ್ಪಿಸಿಕೊಂಡ ಆ ಹೆಣ್ಣುಮಗಳು ಗರ್ಭಿಣಿಯಾದಳು ಅಂದುಕೊಳ್ಳಿ. ಎರಡು ಮೂರನೇ ತಿಂಗಳಲ್ಲಿ ಇನ್ಸುಲಿನ್ ಬೇಡಿಕೆ ಇಳಿದು ಲೋ ಹೆಚ್ಚಾಗುತ್ತದೆ. ಐದು ತಿಂಗಳ ಮೇಲೆ ಏರುತ್ತ ಹೋಗಿ ಕೊನೆಗೆ ಎರಡು ಮೂರು ಪಟ್ಟಾಗುತ್ತದೆ. "ಡೋಸು ಏರಿತು, ಕಾಯಿಲೆ ಜಾಸ್ತಿ ಆಯ್ತು" ಎಂದು ಮನೆಯವರು ಹೆದರುತ್ತಾರೆ. ಹೆದರಬೇಡಿ, ಮಾಸು ಚೆನ್ನಾಗಿ ಬೆಳೆಯುವಾಗ ಹಾಗೆ ಆಗುವುದೇ ಸಹಜ. ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಬೇಡಿಕೆ ಥಟ್ಟನೆ ಬೀಳುತ್ತದೆ. ಬಾಣಂತಿಗೆ ಹಳೆಯ ಡೋಸು ಕೊಡುವುದು ಅಪಾಯ, ಇದನ್ನು ತವರಿನವರು ನೆನಪಿಡಿ.

ಇದುವರೆಗೆ ಹೇಳಿದ್ದು ಹೆಚ್ಚಾಗಿ ಟೈಪ್ 1 ಇರುವವರ ಮಾತು. ಟೈಪ್ 2 ಕಾಯಿಲೆ ಇರುವ ಎಳೆಯ ಹೆಣ್ಣುಮಕ್ಕಳು ಇವತ್ತು ಅವರಿಗಿಂತ ಬಹಳ ಹೆಚ್ಚು. ದೇಶದಲ್ಲಿ ಮಧುಮೇಹಿಗಳು 10 ಕೋಟಿ ದಾಟಿದ್ದಾರೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ 2023ರಲ್ಲಿ ಹೇಳಿತು. ಕಾಯಿಲೆ ಇರುವುದೇ ಗೊತ್ತಿಲ್ಲದೆ ಬಸಿರಾಗುವವರು ಹೆಚ್ಚಾಗಿ ಟೈಪ್ 2 ಇರುವವರೇ. ಚೆನ್ನೈನ ಡಾ. ವಿ. ಶೇಷಯ್ಯ ಅವರ ಪ್ರಯತ್ನದಿಂದ 75 ಗ್ರಾಂ ಗ್ಲುಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುವ ಸರಳ ಪರೀಕ್ಷೆ ಸರ್ಕಾರದ ಮಾರ್ಗಸೂಚಿ ಸೇರಿದೆ. ಮೊದಲ ಭೇಟಿಯಲ್ಲೇ ಒಮ್ಮೆ, 24ರಿಂದ 28ನೇ ವಾರದಲ್ಲಿ ಇನ್ನೊಮ್ಮೆ. ಆಶಾ ಅಕ್ಕಂದಿರೆ, ಮದುವೆಯಾದ ಹೊಸ ಸೊಸೆಯ ಮನೆಗೆ ಹೋದಾಗ ಬಸಿರಾಗುವ ತನಕ ಕಾಯದೆ ಒಮ್ಮೆ ಸಕ್ಕರೆ ನೋಡಿಸಿ ಎಂದು ಹೇಳಿ.

ನನಗೆ ಅತಿ ಮುಖ್ಯ ಅನ್ನಿಸುವುದು ಮನೆಯ ಮಾತು. ತೋಳಿನ ಬಿಲ್ಲೆ ಕಾಯಿಲೆಯನ್ನು ಊರಿಗೆ ತೋರಿಸುತ್ತದೆ. ಮದುವೆಗೆ ಮುಂಚೆ ಕಾಯಿಲೆ ಮುಚ್ಚಿಟ್ಟ ಮನೆಗಳಲ್ಲಿ ಹೆಣ್ಣುಮಗಳು ಉದ್ದ ತೋಳಿನ ರವಿಕೆ ತೊಟ್ಟು ಅದನ್ನು ಮರೆಮಾಡುತ್ತಾಳೆ, ಮಲಗುವ ಕೋಣೆಯಲ್ಲಿ ಕದ್ದು ಚುಚ್ಚಿಕೊಳ್ಳುತ್ತಾಳೆ. ಕದ್ದು ನಡೆಯುವ ಚಿಕಿತ್ಸೆಯಲ್ಲಿ ಸಕ್ಕರೆ ಹತೋಟಿಗೆ ಬರುವುದಿಲ್ಲ. ಇನ್ನೊಂದು ಕಡೆ, ಫೋನಿನ ಅಂಕಿ ಎಲ್ಲರಿಗೂ ಕಾಣುವಂತಾದ ಮೇಲೆ ಮನೆಯವರೆಲ್ಲ ಪರೀಕ್ಷಕರಾಗುತ್ತಾರೆ. "ಏನು ತಿಂದಿ? ಯಾಕ ಏರೈತಿ?" ಎಂಬ ಪ್ರಶ್ನೆ ದಿನಕ್ಕೆ ಹತ್ತು ಸಲ ಬಂದರೆ ಅವಳು ಸೆನ್ಸರನ್ನು ಕಿತ್ತಿಡುತ್ತಾಳೆ. ಸಕ್ಕರೆ ಏರುವುದು ಊಟದಿಂದಷ್ಟೇ ಅಲ್ಲ. ಮುಟ್ಟಿನ ದಿನಗಳು, ಜ್ವರ, ನಿದ್ದೆಗೇಡು, ಅಳು ಎಲ್ಲದರಿಂದ ಏರುತ್ತದೆ. ಅಂಕಿ ಅವಳ ನಡತೆಯ ಮೇಲಿನ ತೀರ್ಪಲ್ಲ. ಗಂಡಂದಿರೆ, "ಯಾಕೆ ಏರಿತು" ಎನ್ನುವ ಬದಲು "ನಾನೇನು ಮಾಡಲಿ" ಎಂದು ಕೇಳಿ. ಅತ್ತೆಯರೆ, ಮದುವೆಯಾಗಿ ವರ್ಷವಾಯಿತು, ಇನ್ನೂ ಏನೂ ಇಲ್ಲವೆ ಎಂದು ನೆರೆಯವರು ಕೇಳಿದಾಗ ಸೊಸೆಯ ಮುಂದೆ ನಿಂತು ಉತ್ತರ ಹೇಳಬೇಕಾದವರು ನೀವು. ಸಕ್ಕರೆ ಹತೋಟಿಗೆ ಬರುವ ತನಕ ಬಸಿರು ಮುಂದೂಡಲು ನಿರೋಧ್, ವಂಕಿ, ಮಾತ್ರೆ ಬಳಸುವುದು ಹುಟ್ಟಲಿರುವ ಮಗುವಿನ ಆರೈಕೆಯೇ.

ಕೊನೆಗೆ ಹಣದ ಮಾತು. ಒಂದು ಸೆನ್ಸರಿಗೆ ನಾಲ್ಕೈದು ಸಾವಿರ ರೂಪಾಯಿ. ಬಸಿರಿಗೆ ಮುಂಚಿನ ಆರು, ಆಮೇಲಿನ ಒಂಬತ್ತು, ಒಟ್ಟು 15 ತಿಂಗಳಿಗೆ 33 ಸೆನ್ಸರ್ ಬೇಕು. ಅಂದರೆ ಒಬ್ಬ ತಾಯಿಗೆ ಒಂದೂವರೆ ಲಕ್ಷದ ಆಸುಪಾಸು. ಕೂಲಿ ಮನೆಗೆ, ಪಾಳಿ ಕೆಲಸದ ಮನೆಗೆ ಇದು ಆಗದ ಮಾತು. ಕೊಳ್ಳಲಾಗದವರು ಎದೆಗುಂದಬೇಡಿ. ಗ್ಲುಕೋಮೀಟರಿನಿಂದ ದಿನಕ್ಕೆ ಏಳು ಸಲ ನೋಡಿಕೊಂಡು, ಎರಡು ಮೂರು ತಿಂಗಳಿಗೊಮ್ಮೆ ಒಂದೊಂದು ಸೆನ್ಸರ್ ಹಾಕಿಕೊಂಡರೂ ಕಲಿಯುವುದು ಬಹಳ ಇದೆ. ಕಾರ್ಲ್ಸ್‌ಬುರ್ಗಿನ ತಾಯಂದಿರಿಗೆ ಸೆನ್ಸರ್ ಒಂದೂ ಇರಲಿಲ್ಲ.

ಆದರೆ ಬಳ್ಳಾರಿ ಬಡ ಜಿಲ್ಲೆಯಲ್ಲ. ಸಂಡೂರಿನ ಅದಿರು ಈ ಊರಿನ ರೈಲು ಹಳಿಯ ಮೇಲೆಯೇ ಹಾದುಹೋಗುತ್ತದೆ. ಗಣಿಗಾರಿಕೆಯಿಂದ ಬರುವ ಪಾಲಿನಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ತಂದು ಇಂಥ ನಿಧಿಗಳನ್ನು ಮಾಡಿದರು. ಆರೋಗ್ಯ ಮತ್ತು ಮಹಿಳೆ ಮಕ್ಕಳ ಕಲ್ಯಾಣ ಎರಡೂ ಅದರ ಹೆಚ್ಚಿನ ಆದ್ಯತೆಯ ಪಟ್ಟಿಯಲ್ಲಿವೆ. 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ತಾಯಂದಿರನ್ನು ಕಳೆದುಕೊಂಡ ಜಿಲ್ಲೆ ನಮ್ಮದು. ಅವರ ಸಾವಿನ ಕಾರಣ ಬೇರೆ. ಆದರೆ ಬಸಿರು ಬಾಣಂತನಕ್ಕೆ ಹೆದರುವ ಹೆಣ್ಣುಮಕ್ಕಳಿಗೆ ನಾವು ಒಂದು ಭರವಸೆಯನ್ನು ಕೆಲಸದಲ್ಲಿ ತೋರಿಸಬೇಕಾಗಿದೆ.

ಆದ್ದರಿಂದ ಈ ವೇದಿಕೆಯಲ್ಲಿರುವ ಪಟ್ಟಣ ಪಂಚಾಯಿತಿ ಸದಸ್ಯರಲ್ಲಿ, ಸಭೆಯಲ್ಲಿರುವ ಎಲ್ಲರಲ್ಲಿ ನನ್ನ ಬೇಡಿಕೆ ಇದು. ಜಿಲ್ಲೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುತ್ತಿರುವ, ತಾಯಿಯಾಗಲು ಬಯಸುವ ಪ್ರತಿ ಹೆಣ್ಣುಮಗಳಿಗೂ ಖನಿಜ ನಿಧಿಯಿಂದ 15 ತಿಂಗಳು ಸೆನ್ಸರ್, ಇನ್ಸುಲಿನ್ ಉಚಿತವಾಗಿ ಸಿಗಬೇಕು. ಕುರುಗೋಡು, ಸಿರುಗುಪ್ಪ, ಬಳ್ಳಾರಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಬಸಿರಿಗೆ ಮುಂಚಿನ ಕ್ಲಿನಿಕ್ ನಡೆಯಬೇಕು. ಗೆರೆ ಓದುವುದನ್ನು ಕನ್ನಡದಲ್ಲಿ ಕಲಿಸುವ ಒಬ್ಬ ನರ್ಸ್ ಅಲ್ಲಿರಬೇಕು. ಈ ಮನವಿಯನ್ನು ಬರೆದು ತಂದಿದ್ದೇನೆ. ಜಿಲ್ಲಾಧಿಕಾರಿಗಳಿಗೆ ಕಳುಹಿಸುವ ಮುಂಚೆ ನಿಮ್ಮ ರುಜು ಬೇಕು. ಹೊರಗೆ ಮೇಜಿನ ಮೇಲೆ ಇಟ್ಟಿದ್ದೇವೆ, ದಯವಿಟ್ಟು ಹಾಕಿ ಹೋಗಿ.